ನಲವತ್ತು ಲೀಟರ್

ಮೂರು ತಿಂಗಳಿಂದ ಬರೀ ನೀರು ಸಾಕುತ್ತಿದ್ದೇನೆ.
ಎರಡು ಬಸವನಹುಳು, ಒಂದಿಷ್ಟು ಕಂದುಪಾಚಿ.
ಬಂದವರು ಗಾಜಿಗೆ ಮೂಗು ತಾಗಿಸಿ ಕೇಳುತ್ತಾರೆ,
ಏನಿದೆ ಇದರಲ್ಲಿ?
ಉಪ್ಪು, ಅನ್ನುತ್ತೇನೆ.
ಕಿಲೋ ಲೆಕ್ಕದಲ್ಲಿ ತಂದ ಕಡಲು, ಬಕೆಟ್ಟಿನಲ್ಲಿ ಕಲಸಿದ್ದು.
ಚೆಂಬೂರಿನ ಈ ಮೂರನೇ ಮಹಡಿಗೆ ನಿಜದ್ದು ಕಾಣುವುದಿಲ್ಲ;
ಕಾಣುವುದು ಮಾನೋರೈಲಿನ ಕಂಬ,
ಎದುರುಮನೆಯವರು ಒಣಹಾಕಿದ ಚಾದರ.

ಇವತ್ತು ಭಾನುವಾರ. ಕುರ್ಲಾ.
ಮುಜಮ್ಮಿಲ್ ಭಾಯಿಯ ಅಂಗಡಿ ಇಬ್ಬರು ನಿಂತರೆ ಭರ್ತಿ.
ನೀಲಿ ದೀಪದಡಿ ಎಲ್ಲರ ಹಲ್ಲೂ ಹೊಳೆಯುತ್ತದೆ,
ನನ್ನ ಕುರ್ತಾದ ಮೇಲಿನ ಅರಿಶಿನದ ಕಲೆಯೂ.

ಮೊದಲು ಬಾಯಿ ನೋಡಬೇಕು, ಅನ್ನುತ್ತಾನೆ.
ಗಟ್ಟಿ ಮುಚ್ಚಿದ್ದರೆ ಸರಿ. ಆಕಳಿಸುತ್ತಿದ್ದರೆ ಬೇಡ,
ಅದು ಹೊರಟು ನಿಂತಿದೆ.
ಆಮೇಲೆ ಪಾದ: ಹರಿದಿರಬಾರದು.
ಆಮೇಲೆ ಬಣ್ಣ. ಆ ಬೆಳ್ಳನೆಯದಕ್ಕೆ ಮರುಳಾಗಬೇಡಿ ದೀದಿ,
ಬಿಳಿ ಅಂದರೆ ಹಸಿವು.

ನಾನು ಸಾಯನ್ ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು.
ದಿನಕ್ಕೆ ನೂರು ಜನರ ಮೊಣಕೈ ಮಡಿಕೆ ತಡವುತ್ತೇನೆ.
ಬಿಳಿ ಅಂದರೇನೆಂದು
ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಆದರೂ ಕಣ್ಣು ಅಲ್ಲೇ ಹೋಗುತ್ತದೆ.

ಕಡಲಹೂವು ಅಂತ ಯಾರು ಹೆಸರಿಟ್ಟರೋ.
ಹೂವು ನಡೆಯುತ್ತದೆಯೇ?
ಜಾಗ ಹಿಡಿಸದಿದ್ದರೆ ಇದು ನಡುರಾತ್ರಿ ಒಂಟಿ ಪಾದ ಕಿತ್ತು ಹೊರಡುತ್ತದಂತೆ,
ದಾರಿಯಲ್ಲಿ ಸಿಕ್ಕ ಹವಳವನ್ನೆಲ್ಲ ಸುಟ್ಟುಕೊಂಡು,
ಬೆಳಗ್ಗೆ ನೋಡಿದರೆ
ಪಂಪಿನ ಬಾಯಲ್ಲಿ ಚಟ್ನಿ.
ನಲವತ್ತು ಲೀಟರಿಗೆ ಇದನ್ನು ಕೊಟ್ಟರೆ ನನಗೆ ಪಾಪ, ಅಂದ.
ವ್ಯಾಪಾರಿಯ ಬಾಯಲ್ಲಿ ಪಾಪ ಕೇಳಿ
ತೆಗೆದ ಪರ್ಸು ಮತ್ತೆ ಒಳಗಿಟ್ಟೆ.

ಮತ್ತೊಂದು ಇದೆ ಒಳಗೆ. ಕಾಗದಪತ್ರ ಕೇಳಬೇಡಿ.
ಥರ್ಮಕೋಲ್ ಮುಚ್ಚಳ ಎತ್ತಿದ:
ಕಲ್ಲುಹವಳ, ಅಂಗೈಯಷ್ಟು,
ಬುಡದಲ್ಲಿ ಹೊಸದಾಗಿ ಮುರಿದ ಗುರುತು.
ಎಲ್ಲೋ ಒಂದು ಬಂಡೆಯ ಮೇಲೆ
ಇದೇ ಆಕಾರದ ಇನ್ನೊಂದು ಗಾಯ ಇರಬೇಕು.
ಮುಚ್ಚಿ ಭಾಯಿ, ಅಂದೆ.
ಅವನೂ ಬೇಗ ಮುಚ್ಚಿದ.

ಉಳಿದದ್ದು ಗುಂಡಿಯಂಥವು, ಅಣಬೆಯಂಥವು, ಬೆರಳಿನಂಥವು.
ಯಾವುದರ ಪಕ್ಕ ಯಾವುದು, ಅದೇ ಇಡೀ ವಿದ್ಯೆ, ಅಂದ.
ಹಗಲು ಮುದುಡಿ ಕೂತದ್ದು
ರಾತ್ರಿ ಉದ್ದ ಎಳೆ ಚಾಚಿ ನೆರೆಯವರನ್ನು ಹೊಡೆಯುತ್ತದೆ.
ನಾಲ್ಕು ಬೆರಳು ಬಿಡಿ, ನಡುವೆ.

ಈ ವಿದ್ಯೆ ನನಗೆ ಬರುತ್ತದೆ.
ಆಂಟಾಪ್‌ಹಿಲ್‌ನ ಹತ್ತು ಬೈ ಹನ್ನೆರಡರ ಖೋಲಿಯಲ್ಲಿ
ಏಳು ಜನ ಮಲಗಿದವರು ನಾವು.
ಚಾಪೆ ಹಾಸುವ ಮೊದಲು ಅಮ್ಮ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು.
ಕೆಮ್ಮುವ ವಿಠಲ ಮಾವ ಬಾಗಿಲ ಹತ್ತಿರ,
ಒದೆಯುವ ತಮ್ಮ ಗೋಡೆಗೆ,
ಪರೀಕ್ಷೆ ಇದ್ದವರು ದೀಪದಡಿ,
ಅಪ್ಪ ಕುಡಿದು ಬಂದ ದಿನ
ನಡುವೆ ಅಕ್ಕಿಯ ಡಬ್ಬ.
ಬೆಳಗಿನವರೆಗೆ ಯಾರೂ ಯಾರನ್ನೂ ಸುಡಲಿಲ್ಲ,
ಹೆಚ್ಚುಕಡಿಮೆ.

ಕೊನೆಗೆ ಕೊಂಡದ್ದು ಅಣಬೆ. ಕಂದು ಬಣ್ಣ, ಇನ್ನೂರೈವತ್ತು.
ಇದನ್ನು ಸಾಯಿಸುವುದಕ್ಕೂ ಪುರುಸೊತ್ತು ಬೇಕು, ಅಂದ ಭಾಯಿ.
ಹಾರ್ಬರ್ ಲೈನಿನ ಲೇಡೀಸ್ ಡಬ್ಬಿಯಲ್ಲಿ ತೊಡೆಯ ಮೇಲೆ ನೀರಿನ ಚೀಲ.
ಪಕ್ಕದವಳು, ಕಾಯ್ ಆಹೆ? ಅಂದಳು.
ಕನ್ನಡದಲ್ಲೇ ಸರಿಯಾದ ಮಾತಿಲ್ಲ, ಮರಾಠಿಯಲ್ಲಿ ಎಲ್ಲಿ ತರಲಿ.
ಜೀವ ಆಹೆ, ಅಂದೆ.
ಅವಳು ಚೀಲವನ್ನೊಮ್ಮೆ ನೋಡಿ
ಕುಂಡೆ ತುಸು ಸರಿಸಿದಳು.

ಈಗ ರಾತ್ರಿ. ಹನಿಹನಿ ನೀರು ಕುಡಿಸಿ, ತಾಸು ಕಾದು,
ಕಲ್ಲಿನ ಎಡಗಡೆ ಕೂರಿಸಿದ್ದೇನೆ.
ಮುದುಡಿದೆ, ಮುನಿದ ಕಿವಿಯ ಹಾಗೆ.
ಬಲಗಡೆ ಖಾಲಿ.

ದೀಪ ಆರಿಸಿ ಮತ್ತೆ ಲೆಕ್ಕ ಹಾಕುತ್ತೇನೆ:
ಬಾಗಿಲಿಗೆ ಮಾವ, ಗೋಡೆಗೆ ತಮ್ಮ,
ಅಕ್ಕ, ನಾನು, ಅಜ್ಜಿ, ಡಬ್ಬ, ಅಪ್ಪ.

ಅಮ್ಮ ಎಲ್ಲಿ ಮಲಗುತ್ತಿದ್ದಳು?