ಹತ್ತೂವರೆಯ ದೋಣಿ

ಟೊಬೇಗೊ. ದೋಣಿಯ ತಳಕ್ಕೆ ಗಾಜು.
ಚಪ್ಪಲಿ ಬುಟ್ಟಿಗೆ ಹಾಕಿ, ಅಂದ ಆಲ್ರಿಕ್,
ಗಾಜು ತುಳಿಯಬೇಡಿ,
ಅದರ ಸಾಲ ಇನ್ನೂ ಎರಡು ವರ್ಷ ಇದೆ.

ನಕ್ಕೆವು. ಎಲ್ಲರೂ ಬಗ್ಗಿದೆವು,
ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗೆ.

ಗಿಳಿಮೀನು ಬಂತು, ಹಲ್ಲು ಕಿರಿದು.
ಇದು ಹವಳ ಕಡಿದು ತಿಂದು ಮರಳು ಹೇಲುತ್ತೆ,
ನಿನ್ನೆ ನೀವು ಮೈಚಾಚಿದ್ದು ಅದರ ಮೇಲೇ!
ದಿನಾ ಈ ಮಾತಿಗೆ ಅವನಿಗೆ
ಇಷ್ಟೇ ನಗು ಸಿಗುತ್ತದೇನೋ.

ಆಮೇಲೆ ಬೆಳ್ಳಗೆ,
ಸುಣ್ಣ ಬಳಿದಂಥ ಇಡೀ ಒಂದು ಬಯಲು.
ಅಬ್ಬಾ, ಎಷ್ಟು ಚೆಂದ! ಅಂದಳು ಟೋಪಿಯ ಹೆಂಗಸು.
ಫೋನುಗಳು ಎದ್ದವು.
ಆಲ್ರಿಕ್ ಎಂಜಿನ್ನು ಆರಿಸಿ
ಹಗ್ಗ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ಟಿಕೆಟ್ಟು ಹರಿಯುವ ಅವನ ಮಗಳು ಜೊಯೆಲಾ,
ಒಂಬತ್ತು ವರ್ಷ ಇದ್ದೀತು,
ನಮ್ಮ ನಡುವೆ ತಲೆ ತೂರಿಸಿ ಹೇಳಿದಳು:
ಅದಕ್ಕೆ ಜ್ವರ. ನೀರು ಕಾದು ಬಂದದ್ದು.
ಸತ್ತರೂ ಸ್ವಲ್ಪ ದಿನ ಹೀಗೇ ಬೆಳ್ಳಗಿರುತ್ತೆ.

ಶ್, ಅಂದ ಅಪ್ಪ.
ದಡದಲ್ಲಿ ಹುರಿದ ಮೀನು, ಹುಣಿಸೆ ಚಟ್ನಿ ಕಾಯ್ತಿದೆ,
ಹೊರಡೋಣವೆ?

ರೋಗಿಯ ಕೋಣೆಯಿಂದ ಹೊರಬರುವವರಂತೆ
ಒಬ್ಬೊಬ್ಬರಾಗಿ ಇಳಿದೆವು.
ಬುಟ್ಟಿಯಲ್ಲಿ ಬಿಸಿಲಿಗೆ
ಚಪ್ಪಲಿ ಸುಡುತ್ತಿತ್ತು.
ಹಾಗೇ ಮೆಟ್ಟಿಕೊಂಡೆ.