ಕೀತ್ಲಿಯಲ್ಲಿ ಎಣಿಕೆ

ಈ ಊರ ಹೆಸರು ಬರೆಯುವುದೇ ಬೇರೆ, ಕರೆಯುವುದೇ ಬೇರೆ.
ಬರೆದದ್ದನ್ನು ಬರೆದಂತೆ ಓದುವ ನುಡಿಯಿಂದ ಬಂದವಳು ನಾನು,
ಮೊದಲ ಚಳಿಗಾಲವಿಡೀ ಬಸ್ಸಿನವರು ನಕ್ಕರು.
ಆಮೇಲೆ ತಿಳಿಯಿತು, ಇಲ್ಲಿಯವರ ಮತವೂ ಹಾಗೇ:
ಬಾಗಿಲಲ್ಲಿ ನಿಂತು ಆಡುವುದೊಂದು,
ಪೆನ್ಸಿಲು ಹಿಡಿದಾಗ ಇನ್ನೊಂದು.

ಹೌದು, ಪೆನ್ಸಿಲು. ದಾರ ಕಟ್ಟಿದ ಮೋಟು ಪೆನ್ಸಿಲು.
ಬೆರಳಿಗೆ ಶಾಯಿಯಿಲ್ಲ, ಕುಂಯ್ ಎನ್ನುವ ಯಂತ್ರವಿಲ್ಲ,
ಓರೆಯಾಗಿ ಎರಡು ಗೆರೆ.
ಗಣಿತದ ಮೇಷ್ಟ್ರು ನನ್ನ ತಪ್ಪುಗಳಿಗೆಲ್ಲ ಹಾಕುತ್ತಿದ್ದ ಗುರುತು
ಇಲ್ಲಿ ಒಪ್ಪಿಗೆಯಂತೆ.

ರಾತ್ರಿ ಎರಡೂವರೆ. ಲೀಷರ್ ಸೆಂಟರಿನ ಬ್ಯಾಡ್ಮಿಂಟನ್ ಅಂಗಳ.
ಗೋಡೆಯಾಚೆಯ ಈಜುಕೊಳದ ಕ್ಲೋರಿನ್ನು
ಕಾಗದ ಕಾಗದಕ್ಕೂ ಅಂಟಿದೆ.
ಎದುರಿಗೆ ಹಿಲರಿ ಸಗ್ಡೆನ್,
ಮೂವತ್ತು ವರ್ಷ ಬ್ಯಾಂಕಿನಲ್ಲಿ ನೋಟೆಣಿಸಿದಾಕೆ,
ಹೆಬ್ಬೆರಳಿಗೆ ರಬ್ಬರಿನ ಟೊಪ್ಪಿ.
ನನ್ನದು ಮೊರದ ಕೈ. ಅಕ್ಕಿ ಆರಿಸಿದ ಹಾಗೆ ಆರಿಸುತ್ತೇನೆ.
ಕಾಳು ಯಾವುದು ಕಲ್ಲು ಯಾವುದು
ಹೇಳುವ ಹಕ್ಕು ಮಾತ್ರ ನನಗಿಲ್ಲ.

ಟೀವಿಯವರು ಬಾಣ ಬಿಡಿಸಿ ಸ್ವಿಂಗ್ ಅಳೆಯುತ್ತಿದ್ದಾರೆ,
ಇಷ್ಟು ಶೇಕಡ ಈ ಕಡೆಯಿಂದ ಆ ಕಡೆಗೆ.
ಉಯ್ಯಾಲೆ ತಾನಾಗಿ ತೂಗುತ್ತದೆಯೆ?
ಯಾರೋ ಕಾಲೂರಿ ನೆಲ ಒದೆಯಬೇಕು.

ಮೂರು ಸಲ ಗೆದ್ದ ಡಂಕನ್ ಆರ್ಮಿಟೇಜ್
ಗೋಡೆಗೊರಗಿ ನಮ್ಮ ಕಟ್ಟುಗಳ ಎತ್ತರ ನೋಡುತ್ತಾನೆ.
ಕೆಟ್ಟವನಲ್ಲ. ಗ್ರಂಥಾಲಯ ಮುಚ್ಚಿದ ದಿನ
ಮಳೆಯಲ್ಲಿ ನಿಂತು ಅವರ ಜೊತೆಗೇ ಬೇಸರಪಟ್ಟಿದ್ದ.
ಮುಚ್ಚುವುದಕ್ಕೆ ಕೈಯೆತ್ತಿದ್ದೂ ಅವನೇ.

ಒಂದು ಚೀಟಿಯಲ್ಲಿ ಗುರುತಿಲ್ಲ, ಹಲ್ಲಿನ ಚಿತ್ರವಿದೆ,
ಬೇರು ಸಮೇತ, ಚೆನ್ನಾಗಿ ಬರೆದದ್ದು.
ದಂತವೈದ್ಯರು ಸಿಗದ ಊರು ಇದು.
ಇನ್ನೊಂದರಲ್ಲಿ, ಅವನ ಹೆಸರಿನ ಪಕ್ಕ, ಸಣ್ಣಗೆ:
'ನಾನು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.'
ಎರಡೂ ಅಸಿಂಧು. ಹಿಲರಿ ಎರಡನ್ನೂ ಮಡಚದೆ
ಸಂದೇಹದ ತಟ್ಟೆಗಿಟ್ಟಳು, ಯಾರದೋ ಒಡವೆಯಂತೆ.

ಬೈದವರು ಅವನನ್ನು ಸೋಲಿಸಲಿಲ್ಲ.
ಬೈಯುವವರಿಗೆ ಇನ್ನೂ ಅವನಿಂದ ಏನೋ ಬೇಕಿರುತ್ತದೆ.
ಕಳೆದ ವರ್ಷವೆಂದೋ ಬೈಗುಳ ನಿಂತಿತು.
ಅವನು ಅದನ್ನು ಶಾಂತಿ ಎಂದುಕೊಂಡ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ,
ಹನ್ನೊಂದು ವರ್ಷ ಕೌನ್ಸಿಲ್ಲಿನ ನಾಲ್ಕನೆಯ ಕೌಂಟರಿನಲ್ಲಿ ಕೂತು
'ಇಲ್ಲ' ಎಂದವಳು ನಾನು.
ಬಾಡಿಗೆಯ ನೆರವು ಇಲ್ಲ, ಈ ಫಾರಮ್ಮು ಅಲ್ಲ, ಈ ಗುರುವಾರ ಆಗೊಲ್ಲ.
ಲಂಡನ್ನಿನಲ್ಲಿ ಹುಟ್ಟಿದ ಇಲ್ಲ
ಕೀತ್ಲಿಗೆ ಬಂದು ತಲುಪುತ್ತಿದ್ದುದು ನನ್ನ ಬಾಯಲ್ಲಿ.
ಆರ್ಮಿಟೇಜ್, ನಿನ್ನ ಎಷ್ಟು ಮತ ನಾನೇ ಕಳೆದೆನೋ,
ಅದೂ ನಿನ್ನದೇ ಸಂಬಳ ತಿಂದು!

ನಾಲ್ಕಕ್ಕೆ ಅಂಕಿ ಓದಿದರು.
ಚಪ್ಪಾಳೆ ಒಂದೇ ಮೂಲೆಯಲ್ಲಿ.
ಸೋತವನು ಗೆದ್ದವಳ ಕೈಕುಲುಕಿ, ಎದೆಯ ರೋಸೆಟ್ ಬಿಚ್ಚಿ
ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ತುರುಕಿಕೊಂಡ.
ಪಿನ್ನು ಚುಚ್ಚಿರಬೇಕು, ಬೆರಳು ಬಾಯಿಗಿಟ್ಟ.
ಆಗ ಹೊಳೆಯಿತು. ಮೇಷ್ಟ್ರು ಹೇಳಿದ್ದೇ ಸರಿ:
ಒಬ್ಬರಿಗೆ ಹಾಕಿದ ಒಪ್ಪಿಗೆಯಲ್ಲಿ ಬಹಳಷ್ಟು
ಇನ್ನೊಬ್ಬನ ಲೆಕ್ಕಕ್ಕೆ ಹಾಕಿದ ತಪ್ಪು.

ಬೆಳಿಗ್ಗೆ ಒಂಬತ್ತು. ನಿದ್ದೆಯಿಲ್ಲದ ನಾಲ್ಕನೆಯ ಕೌಂಟರು.
ಸಾಲಿನಲ್ಲಿ ಮೊದಲು ಬಡಗಿ ನಾರ್ಮನ್ ಫೆದರ್,
ಕೈಯಲ್ಲಿ ಅದೇ ಹಳೆಯ ಕವರು.
'ಸರ್ಕಾರ ಬದಲಾಯಿತಂತೆ. ನನ್ನದೇನಾಯಿತು ನೋಡಮ್ಮ.'
ಪರದೆ ತೆರೆದೆ. ಅದೇ ಫಾರಮ್ಮು, ಅದೇ ನಿಯಮ.
'ಒಂದು ನಿಮಿಷ' ಎಂದೆ.
ಇಲ್ಲ ಎನ್ನಲಿಲ್ಲ. ಇನ್ನೂ ಎನ್ನಲಿಲ್ಲ.
ಅವನು ಕಾಯುತ್ತಿದ್ದಾನೆ, ಅವಸರವಿಲ್ಲದೆ,
ಕಿವಿಯ ಮೇಲೆ ಪೆನ್ಸಿಲು.