ಹುಳಿ ಬಿಡದ ಬಳ್ಳಿ

ಬರ್ಕಾದ ಈ ತೋಟದಾಗ
ಖರ್ಜೂರದ ನೆರಳಿಗೆ ನಾಕು ಸಾಲು ದ್ರಾಕ್ಷಿ.
ಸಸಿ ಬಂದ ಪೆಟ್ಟಿಗಿ ಮ್ಯಾಲ ಒಂದು ಚೀಟಿ ಇತ್ತು:
ಶೆನಿನ್ ಬ್ಲಾಂಕ್. ಬಿಳಿ ಹಣ್ಣು. ಬಿಸಿಲು ನಾಡಿಗೆ ಒಗ್ಗುವಂಥಾದ್ದು.
ಅದರ ಕೆಳಗಿನ ಒಂದೇ ಒಂದು ಶಬ್ದ
ಮಾಲಕ ಹಮೂದ್ ಉಗುರಿನಿಂದ ಕೆರೆದು ತಗದ.
ಕೆರೆದ ಜಾಗ ಇನ್ನೂ ಬೆಳ್ಳಗ ಕಾಣಸ್ತದ.

"ನಿಮ್ಮ ಕಡೆ ಇದನ್ನ ಏನ್ ಮಾಡ್ತಾರೋ, ಇಮಾಮಸಾಬ?"
"ಒಣಗಸ್ತೀವಿ" ಅಂದೆ.
ತಿಕೋಟಾದಾಗ ನಾವು ಒಣಗಸೂದು ಬ್ಯಾರೆ ತಳಿ.
ಅದನ್ನ ಹೇಳಲಿಲ್ಲ.

ಬಾವಿ ನೀರು ಉಪ್ಪು.
ಸಮುದ್ರ ಮಣ್ಣಿನೊಳಗಿಂದ
ವರ್ಷಕ್ಕೊಂದು ಗೇಣು ಈ ಕಡೆ ಬರ್ಲಿಕತ್ತದ ಅಂತ ಅವನ ಅಂದಾಜು.
ಅದಕ್ಕ ಡಾಗ್ರಿಜ್ ಬುಡ ತರಿಸಿ ಕಸಿ ಕಟ್ಟಿದೆ.
ಚಳಿ ಕಾಣದ ಊರಾಗ ಬಳ್ಳಿ ತಾನಾಗೇ ಮಲಗೂದಿಲ್ಲ,
ಕತ್ರಿ ಹಿಡದು ಮಲಗಿಸಬೇಕು, ಕತ್ರಿ ಹಿಡದೇ ಎಬ್ಬಿಸಬೇಕು.
ನಮ್ಮೂರ ಅಕ್ಟೋಬರ್ ಚಾಟ್ನಿ ಇಲ್ಲಿ ಹೊಂದಲಿಲ್ಲ.
ಎರಡು ವರ್ಷ ಬರೇ ಎಲಿ.
ಮೂರನೇ ವರ್ಷ ಜನವರಿಗೆ ಕಡದೆ,
ಕಣ್ಣು ಒಡೀತು.

ಮೇ ತಿಂಗಳು, ನಲವತ್ತಾರು ಡಿಗ್ರಿ.
ಮಧ್ಯಾಹ್ನ ಕೆಲಸ ನಿಲ್ಲಸೂ ಕಾಯ್ದೆ ಜೂನಿಗೆ ಸುರು ಆಗತದ,
ಹಣ್ಣಿಗೆ ಅಷ್ಟು ತಾಳ್ಮಿ ಎಲ್ಲೀದು?
ಒಂದು ಕಾಳು ಹಲ್ಲಿಗೆ ಹಚ್ಚಿದೆ.
ಸಿಹಿ ಬಂದಿತ್ತು. ಸಿಹಿಯ ಹಿಂದ ಹುಳಿ ನಿಂತಿತ್ತು,
ಕದದ ಮರೀಗೆ ನಿಂತು
ಗಂಡಸರ ಮಾತು ಕೇಳಿಸಿಕೊಳ್ಳೂ ಹೆಣಮಗಳ ಹಂಗ,
ಒಂದು ಹೆಜ್ಜಿ ಹಿಂದ ಸರೀದ.
ಇಷ್ಟು ಬಿಸಲಿಗೆ ಬ್ಯಾರೆ ಹಣ್ಣು
ಬೆಲ್ಲದ ನೀರಾಗಿ ಹೋಗತಾವ.

ಹಮೂದನ ಅವ್ವ ಮೋಝಾ
ಅದನ್ನ ಸುರಮಾಯಿ ಮೀನಿನ ಮ್ಯಾಲ ಹಿಂಡಿ,
ನಾಲಿಗಿ ಚಪ್ಪರಿಸಿ,
ನಾಳಿಂದ ನಿಂಬಿಹಣ್ಣು ತರಬ್ಯಾಡ ಅಂದಳು.

ಉಳಿದ ರಸ ನೀರಿನ ಕ್ಯಾನಿಗೆ ಹಾಕಿ
ಪಂಪ್ ಖೋಲಿಯೊಳಗಿಟ್ಟು ಮರತೆ.
ಎಂಟು ದಿನಕ್ಕ ಕ್ಯಾನು ಬಸರಿ ಹಂಗ ಉಬ್ಬಿತ್ತು.
ಮುಚ್ಚಳ ತಿರುವಿದರ ಬುಸ್ ಅಂತು,
ಡೀಸೆಲ್ ವಾಸನಿ ಖೋಲಿ ತುಂಬ
ಜೇನು, ಸೇಬು, ತೊಯ್ದ ಹುಲ್ಲು.
ಬಾಗಿಲಾಗ ಹಮೂದ್ ನಿಂತಿದ್ದ.

"ಯಾರೂ ಮಾಡಿಲ್ಲರಿ," ಅಂದೆ, "ತಾನಾ ಆಗೇದ."
ಅವನು ಬಹಳ ಹೊತ್ತು ಕ್ಯಾನು ನೋಡಿದ.
ಉಗುರಿನಿಂದ ಕೆರೆದದ್ದು
ನಮ್ಮಿಬ್ಬರ ನಡುವ ಬಂದು ಕುಂತಿತ್ತು,
ಯಾರೂ ಹೆಸರು ಹಿಡದು ಕರೀಲಿಲ್ಲ.
ಆಮ್ಯಾಲ ಒಂದು ತೆಳು ಅರಿವಿ ತಂದು
ಕ್ಯಾನಿನ ಬಾಯಿಗೆ ತಾನೇ ಕಟ್ಟಿದ.
"ಗಾಳಿ ಆಡಲಿ. ಶಿರ್ಕಾ ಆಗಲಿ."

ಶಿರ್ಕಾ ಆಗಲಿಕ್ಕೆ ತಿಂಗಳು ಬೇಕು.
ಆ ತಿಂಗಳು ಅವನು ಖೋಲಿ ಕಡೆ ಸುಳೀಲಿಲ್ಲ.
ನಾನು ದಿನಾ ಎರಡು ಸಲ ಹೆಚ್ಚು ಹೋದೆ,
ಮೋಟರ್ ನೋಡಲಿಕ್ಕೆ.